ಟವೆಲ್ಲಿನ ಕೆಳಗೆ ಕುದುರಿದ ಬಡ್ಡಿ

ನಮ್ಮ ಮಾವನವರು ದೇಶದ ಭವಿಷ್ಯವನ್ನು ವರ್ಷಕ್ಕೆ ಎರಡು ಸಲ ಹೇಳುತ್ತಿದ್ದರು. ಒಂದು, ದಿಲ್ಲಿಯಲ್ಲಿ ಮುಂಗಡಪತ್ರ ಮಂಡಿಸಿದ ಮರುದಿನ ಪತ್ರಿಕೆ ಓದಿ. ಇನ್ನೊಂದು, ಯುಗಾದಿಯ ದಿನ ಅಯ್ಯನವರು ಪಂಚಾಂಗ ಓದಿ ಎದ್ದುಹೋದ ಮೇಲೆ. ಎರಡರಲ್ಲೂ ಆಯ ವ್ಯಯ ಇರುತ್ತದೆ, ಎರಡರಲ್ಲೂ ಒಬ್ಬ ಮಂತ್ರಿ ಇರುತ್ತಾನೆ, ಆದ್ದರಿಂದ ಎರಡೂ ಒಂದೇ ಎಂಬುದು ಅವರ ವಾದ. ಪಂಚಾಂಗದಲ್ಲಿ ಮಳೆ ಎಷ್ಟು ಕೊಳಗ ಎಂದೂ ಬರೆದಿರುತ್ತದೆ, ದಿಲ್ಲಿಯವರು ಅದೊಂದನ್ನು ಹೇಳುವುದಿಲ್ಲ, ಹಾಗಾಗಿ ಪಂಚಾಂಗವೇ ಒಂದು ಕೈ ಮೇಲು ಎನ್ನುತ್ತಿದ್ದರು. ಎರಡನ್ನೂ ಕೂಡಿಸಿ ಅವರು ಕೊಡುತ್ತಿದ್ದ ತೀರ್ಪು ಮಾತ್ರ ಯಾವ ವರ್ಷವೂ ಬದಲಾಗಲಿಲ್ಲ. "ಮುಂದಿನ ಯುಗಾದಿ ಹೊತ್ತಿಗೆ ಎಲ್ಲಾ ಸರಿ ಹೋಗ್ತೈತೆ" ಎನ್ನುವುದು. ನನಗೆ ಗೊತ್ತಿದ್ದಂತೆ ಅದು ಒಂದು ಸಲವೂ ನಿಜವಾಗಲಿಲ್ಲ. ಆದರೂ ಅವರು ಹೇಳುವಾಗ ನಾನು ನಂಬುತ್ತಿದ್ದೆ. ಅಷ್ಟು ಚೆಂದ ಹೇಳುತ್ತಿದ್ದರು.

ನಾನು ಹರಿಹರದ ಹುಡುಗಿ. ದಾವಣಗೆರೆಯ ಆ ಮನೆಗೆ ಸೊಸೆಯಾಗಿ ಬಂದಾಗ ನಯಾಪೈಸೆ ಬಂದು ಕೆಲವು ವರ್ಷಗಳಾಗಿದ್ದವು, ಆದರೆ ಪೇಟೆಯ ಬಾಯಲ್ಲಿ ಇನ್ನೂ ಆಣೆಯೇ ಇತ್ತು. ಮಾವನವರದು ಹತ್ತಿ ಪೇಟೆಯಲ್ಲಿ ದಲಾಲಿ ಅಂಗಡಿ. ಸುತ್ತಲಿನ ಹಳ್ಳಿಗಳ ರೈತರು ಹತ್ತಿ ತುಂಬಿದ ಗಾಡಿ ಹೊಡೆದುಕೊಂಡು ಬಂದು ಅಂಗಡಿಯ ಮುಂದೆ ಎತ್ತಿನ ಕೊಳ್ಳು ಬಿಚ್ಚುತ್ತಿದ್ದರು. ಮಾವ ಅದನ್ನು ಮಿಲ್ಲಿನವರಿಗೆ ಮಾರಿಸಿ, ತಮ್ಮ ದಲಾಲಿ ಹಿಡಿದುಕೊಂಡು, ಉಳಿದದ್ದನ್ನು ರೈತನ ಕೈಗೆ ಕೊಡುವುದು. ಕೇಳಲು ಸುಲಭ. ತೊಡಕು ಏನೆಂದರೆ, ಮಿಲ್ಲಿನವರು ಹಣ ಕೊಡುವುದು ತಿಂಗಳೊಪ್ಪತ್ತು ಬಿಟ್ಟು, ರೈತನಿಗೆ ಬೇಕಾದದ್ದು ಅವತ್ತು ಸಂಜೆ. ನಡುವಿನ ಆ ತಿಂಗಳನ್ನು ಬ್ಯಾಂಕಿನ ಸಾಲದ ಮೇಲೆ ದಾಟಬೇಕು. "ರೈತನ ಗಾಡಿ ಖಾಲಿ ಹೋಗ್ಲಿ, ಕೈ ಖಾಲಿ ಹೋಗಬಾರದು" ಎನ್ನುವುದು ಮಾವನವರ ಮಾತು. ಅದನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ. ಪೇಟೆಯಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ಆ ಪೇಟೆಯಲ್ಲಿ ಹತ್ತಿಯ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಮಾರುವವನೂ ಕೊಳ್ಳುವವನೂ ಕೈ ಕೈ ಸೇರಿಸಿ, ಮೇಲೆ ಒಂದು ಟವೆಲ್ ಹಾಕಿಕೊಂಡು, ಒಳಗೊಳಗೇ ಬೆರಳು ಹಿಡಿದು ಬೆಲೆ ಹೇಳುವುದು. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು, ಕೈ ಹಿಡಿದು ಬಿಟ್ಟು ಮತ್ತೆ ಮೂರು ಬೆರಳು ಹಿಡಿದರೆ ಎಂಟು. ಪಕ್ಕದಲ್ಲಿ ನಿಂತವನಿಗೆ ಏನೂ ತಿಳಿಯುವುದಿಲ್ಲ. ಇಬ್ಬರೂ ಮುಖದ ಮೇಲೆ ಏನೂ ತೋರಿಸದೆ ಆಕಾಶ ನೋಡುತ್ತ ನಿಂತಿರುತ್ತಾರೆ. ಮಾವನವರು ಈ ವಿದ್ಯೆಯಲ್ಲಿ ಪಳಗಿದವರು. ಎಷ್ಟು ಪಳಗಿದವರೆಂದರೆ ಮನೆಯಲ್ಲೂ ದುಡ್ಡಿನ ಮಾತನ್ನು ಬಾಯಿಂದ ಆಡುತ್ತಿರಲಿಲ್ಲ. ಸೀರೆ ತರಬೇಕೆಂದರೆ, ನೆಂಟರ ಮನೆಯ ಮದುವೆಗೆ ಮುಯ್ಯಿ ಹಾಕಬೇಕೆಂದರೆ, ಅತ್ತೆಯೂ ಮಾವನೂ ಪಡಸಾಲೆಯ ಬೆಂಚಿನ ಮೇಲೆ ಕೂತು ಟವೆಲ್ ಹಾಕಿಕೊಳ್ಳುತ್ತಿದ್ದರು. ಮಕ್ಕಳ ಮುಂದೆ ದುಡ್ಡಿನ ಮಾತು ಬೇಡ ಎಂದು ಶುರುವಾದದ್ದಂತೆ. ಮಕ್ಕಳು ದೊಡ್ಡವರಾಗಿ ಮೊಮ್ಮಕ್ಕಳಾದರೂ ಬಿಡಲಿಲ್ಲ. ಆ ವಯಸ್ಸಿನಲ್ಲಿ ಗಂಡನ ಕೈ ಹಿಡಿದು ಕೂರಲು ಅತ್ತೆಗೆ ಬೇರೆ ನೆಪವೂ ಇರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಅಂತೂ ಮಾವ ಎಷ್ಟು ಹಿಡಿದರೂ ಕೊನೆಗೆ ಅತ್ತೆ ಹೇಳಿದಷ್ಟೇ ಆಗುತ್ತಿತ್ತು.

ಮನೆ ತುಂಬ ಜನ. ಅಂಗಡಿಯಲ್ಲಿ ಮಾವನ ಜೊತೆಗೆ ಕೂರುವ ಭಾವ, ನೆಗೆಣ್ಣಿ, ಅವರ ಮಕ್ಕಳು. ಅವರೆಲ್ಲರ ಕಥೆ ಇಲ್ಲಿ ಬೇಡ. ನನ್ನ ಗಂಡ ಹತ್ತಿಯ ಧೂಳು ಮೈಗೆ ಆಗದೆ ಹರಿಹರದ ಯಂತ್ರದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದರು. ನಾನು ಹರಿಹರ ಬಿಟ್ಟು ದಾವಣಗೆರೆಗೆ ಬಂದೆ, ಅವರು ದಿನಾ ಬೆಳಿಗ್ಗೆ ದಾವಣಗೆರೆ ಬಿಟ್ಟು ಹರಿಹರಕ್ಕೆ ಹೋಗುತ್ತಿದ್ದರು. ಇದಕ್ಕಿಂತ ಹುಚ್ಚು ಏರ್ಪಾಡು ಇನ್ನೊಂದಿಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮಪ್ಪ ಕಡರನಾಯಕನಹಳ್ಳಿಯ ಒಂದು ತುಂಡು ಹೊಲ ಮಾರಿದಾಗ ನನ್ನ ಪಾಲೆಂದು ಎರಡು ಸಾವಿರ ರೂಪಾಯಿ ಕೊಟ್ಟಿದ್ದರು. ಅದು ನನ್ನ ಹೆಸರಿನಲ್ಲಿ ಅಂಚೆಮನೆಯಲ್ಲಿತ್ತು. ಆ ದುಡ್ಡಿಗೆ ಹರಿಹರದಲ್ಲಿ ಒಂದು ಜಾಗ ಕೊಂಡು ಎರಡು ಕೋಣೆಯ ಮನೆ ಕಟ್ಟಿಕೊಳ್ಳಬೇಕು, ಹೊಳೆಯ ಗಾಳಿ ಕುಡಿದುಕೊಂಡು ಇರಬೇಕು ಎಂಬುದು ನನ್ನ ಆಸೆ. ನಾನು ಮುಚ್ಚಿಟ್ಟುಕೊಳ್ಳುವ ಪೈಕಿ ಅಲ್ಲ. ನಲ್ಲಿಯಲ್ಲಿ ನೀರು ನಿಂತರೆ, ಒಲೆ ಹೊಗೆಯಾಡಿದರೆ, ಯಾರಾದರೂ ಏನಾದರೂ ಅಂದರೆ "ನಾವು ಹರಿಹರಕ್ಕೆ ಹೋದ ಮೇಲೆ ನೋಡಿ" ಎಂದು ಗಟ್ಟಿಯಾಗಿಯೇ ಹೇಳುತ್ತಿದ್ದೆ. ಅತ್ತೆ ಕೇಳಿಸದವರಂತೆ ಜೋಳ ಹಸನು ಮಾಡುತ್ತಿದ್ದರು.

ಹೀಗಿರುವಾಗ, ಪಾಕಿಸ್ತಾನದ ಯುದ್ಧವಾದ ವರ್ಷ, ಯುದ್ಧಕ್ಕೆ ಮೊದಲು, ಶಿವರಾತ್ರಿ ಹತ್ತಿರ ಬಂದಿತ್ತು. ಹತ್ತಿಯ ಸುಗ್ಗಿ. ಮಾವ ಪತ್ರಿಕೆ ಹಿಡಿದುಕೊಂಡು, "ಮುಂಬಯಿಯ ದೊಡ್ಡ ಬ್ಯಾಂಕಿನೋರು ಬಡ್ಡೀನ ಆರಕ್ಕೆ ಏರಿಸ್ಯಾರೆ" ಎಂದರು.

ಅತ್ತೆ ಮೊರ ಕೆಳಗಿಟ್ಟರು. "ನೂರಕ್ಕೆ ಆರು ರೂಪಾಯಿ? ಹಾಡಹಗಲ ದರೋಡೆ ಆತಲ್ರಿ ಇದು!"

ಪೇಟೆಯಲ್ಲಿ ಬಡ್ಡಿ ಎಂದರೆ ತಿಂಗಳ ಲೆಕ್ಕ. ನೂರಕ್ಕೆ ಎಂಟಾಣೆ, ಮುಕ್ಕಾಲು, ಒಂದು ರೂಪಾಯಿ, ಎಲ್ಲ ತಿಂಗಳಿಗೇ.

"ತಿಂಗಳಿಗಲ್ಲ ಮಾರಾಯ್ತಿ, ವರ್ಷಕ್ಕೆ."

"ವರ್ಷಕ್ಕೆ ಆರಾ? ಹಂಗಾರೆ ಅದು ಬಡ್ಡಿ ಅಲ್ಲ, ದಾನ. ಅಷ್ಟಕ್ಕೆ ಯಾಕ ಮುಖ ಸಣ್ಣ ಮಾಡ್ಕಂಡೀರಿ?"

ಮಾವ ತಾಳ್ಮೆಯಿಂದ ಬಿಡಿಸಿ ಹೇಳಿದರು. ಅದು ದೊಡ್ಡ ಬ್ಯಾಂಕು ಸಣ್ಣ ಬ್ಯಾಂಕುಗಳಿಗೆ ಕೊಡುವ ದರ. ಮುಂಬಯಿಯಿಂದ ನಮ್ಮ ಬೀದಿಗೆ ಬರುವಷ್ಟರಲ್ಲಿ ಅದು ಬೆಳೆದಿರುತ್ತದೆ. ದೇಶದಲ್ಲಿ ಬೆಲೆಗಳು ಏರಿವೆ, ದುಡ್ಡು ಹೆಚ್ಚಾಗಿ ಓಡಾಡುತ್ತಿದೆ, ಅದಕ್ಕೆ ಮೂಗುದಾರ ಹಾಕಬೇಕು ಎಂದು ದೊಡ್ಡವರು ತೀರ್ಮಾನಿಸಿದ್ದಾರೆ. ನಮ್ಮ ಬೀದಿಯಲ್ಲಿ ದುಡ್ಡು ಹೆಚ್ಚಾಗಿ ಓಡಾಡಿದ್ದನ್ನು ನಾನಂತೂ ಕಂಡಿರಲಿಲ್ಲ. ಎಲ್ಲಿ ಓಡಾಡುತ್ತಿತ್ತೋ ಅಲ್ಲಿ ಹಾಕಬಾರದಿತ್ತೇ ಮೂಗುದಾರವನ್ನು?

ಮೂಗುದಾರ ನಮಗೇ ಬಿತ್ತು. ಬಡ್ಡಿ ಏರಿದ್ದು ಹಾಗಿರಲಿ, ಹತ್ತಿಯವರಿಗೆ ಕೊಡುತ್ತಿದ್ದ ಸಾಲವನ್ನೇ ಬ್ಯಾಂಕು ಕಡಿಮೆ ಮಾಡಿತು. ಮಿಲ್ಲಿನವರೂ ಕೈ ಬಿಗಿ ಹಿಡಿದು, ತಿಂಗಳಿಗೆ ಕೊಡುವುದನ್ನು ಎರಡು ತಿಂಗಳಿಗೆ ದೂಡಿದರು. ಪೇಟೆಯ ಒಂದೊಂದೇ ಅಂಗಡಿ ರೈತರಿಗೆ "ಎಂಟು ದಿನ ಬಿಟ್ಟು ಬರ್ರಿ" ಎಂದು ಚೀಟಿ ಬರೆದುಕೊಡತೊಡಗಿತು. ಮಾವ ಚೀಟಿ ಕೊಡಲಿಲ್ಲ. ಇದ್ದಬದ್ದದ್ದನ್ನೆಲ್ಲ ಗೋರಿ ದುಡ್ಡನ್ನೇ ಕೊಟ್ಟರು. ಅಷ್ಟರಲ್ಲಿ ಆನಗೋಡಿನಿಂದ ಹೇಳಿಕಳಿಸಿದರು, ನಾಳೆ ಬೆಳಿಗ್ಗೆ ಗಾಡಿಗಳು ಬರುತ್ತವೆ ಎಂದು. ಒಬ್ಬಿಬ್ಬರಲ್ಲ, ವರ್ಷವರ್ಷವೂ ನಮ್ಮ ಅಂಗಡಿಗೇ ಬರುವ ಆ ಊರಿನ ಅರ್ಧ ಜನ.

ಅವತ್ತು ಮಧ್ಯಾಹ್ನ ಮಾವ ಊಟಕ್ಕೆ ಬಂದರು. ರೊಟ್ಟಿ ಮುರಿದರು, ಬಾಯಿಗೆ ಹೋಗಲಿಲ್ಲ. ಬದನೆಕಾಯಿ ಎಣಗಾಯಿ ಎಂದರೆ ಎರಡು ಸಲ ಹಾಕಿಸಿಕೊಳ್ಳುವವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಅತ್ತೆ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತರು.

"ನಿನ್ನ ಅಂಚೆಮನೆ ದುಡ್ಡು ಕೇಳಾಕೆ ಅವರಿಗೆ ನಾಚಿಗಿ ಆಗೈತೆ. ನಾನು ಕೇಳ್ತೀನಿ. ಕೊಡ್ತೀಯೇನವ್ವಾ?"

ತನ್ನ ದುಡ್ಡನ್ನು ಮನೆಯವರು ಕೇಳಿದರೆ ಸೊಸೆ ಕೊಡಬೇಕು, ಕೊಟ್ಟ ಮೇಲೆ ಮರೆಯಬೇಕು. ನಾಲ್ಕು ಮನೆಯಲ್ಲಿ ಅದನ್ನು ನೋಡಿದ್ದೆ. ಮಾವನ ಮುಖ ನೋಡಿದರೆ ಕೊಡದೆ ಇರುವಂತಿಲ್ಲ. ಹರಿಹರದ ಮನೆ ಮುಳುಗಿಹೋಯಿತು ಎಂದುಕೊಂಡೆ. ಆ ಸಿಟ್ಟಿನಲ್ಲೇ ಹೇಳಿದೆ: "ಕೊಡ್ತೀನಿ. ಆದ್ರೆ ಸುಮ್ನೆ ಅಲ್ಲ. ಬಡ್ಡಿಗೆ ಕೊಡ್ತೀನಿ."

ನೆಗೆಣ್ಣಿಯ ಕೈಯಿಂದ ಲಟ್ಟಣಿಗೆ ಜಾರಿತು. ಸೊಸೆ ಮಾವನಿಗೆ ಬಡ್ಡಿ ಹಾಕುವುದು! ಬೀದಿಯಲ್ಲಿ ತಿಳಿದರೆ ತಲೆಯೆತ್ತುವ ಹಾಗಿಲ್ಲ. ಇವತ್ತಿಗೂ ನಾನು ಕೇಳಿದ್ದು ತಪ್ಪು ಎಂದು ನನಗೆ ಅನ್ನಿಸಿಲ್ಲ. ಮುಂಬಯಿಯವರು ಕೇಳಬಹುದು, ಬ್ಯಾಂಕಿನವರು ಕೇಳಬಹುದು, ನಾನು ಕೇಳಬಾರದೇ?

ಪಡಸಾಲೆಯಿಂದ ಮಾವನ ನಗು ಕೇಳಿಸಿತು. "ನ್ಯಾಯವಾದ ಮಾತು. ಕರ್ಕಂಡು ಬಾರೆ, ಕುದುರಿಸಾಣ."

ಕುದುರಿಸುವುದೇನೋ ಸರಿ, ಹೇಗೆ? ದುಡ್ಡಿನ ಮಾತು ಮಾವ ಬಾಯಿಂದ ಆಡುವವರಲ್ಲ. ಮಾವ ಸೊಸೆ ಕೈ ಕೈ ಸೋಕಿಸುವುದಂತೂ ಆ ಕಾಲದಲ್ಲಿ ಕನಸಿನಲ್ಲೂ ಇಲ್ಲದ ಮಾತು. ಕೊನೆಗೆ ಅತ್ತೆ ಹೊಸಿಲ ಮೇಲೆ ಕೂತರು. ಮಾವ ಆ ಕಡೆ ಬೆಂಚಿನ ಮೇಲೆ, ನಾನು ಈ ಕಡೆ ನಡುಮನೆಯಲ್ಲಿ ಬಾಗಿಲ ಮರೆಗೆ. ಅತ್ತೆಯ ಬಲಗೈ ಮಾವನ ಟವೆಲ್ಲಿನ ಕೆಳಗೆ, ಎಡಗೈ ತಮ್ಮದೇ ಸೆರಗಿನ ಕೆಳಗೆ ನನ್ನ ಕೈಯಲ್ಲಿ. ನಾನು ಇಡೀ ಕೈ ಹಿಡಿದು, ಬಿಟ್ಟು, ಮೂರು ಬೆರಳು ಹಿಡಿದೆ. ನೂರಕ್ಕೆ ತಿಂಗಳಿಗೆ ಎಂಟಾಣೆ. ಅತ್ತೆ ಮುಖ ಅಲ್ಲಾಡಿಸಲಿಲ್ಲ. ಆ ಕಡೆ ಏನೋ ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈಯಲ್ಲಿ ನಾಲ್ಕು ಬೆರಳು ಒತ್ತಿದರು. ನಾಲ್ಕಾಣೆ! ಅಂಚೆಮನೆಯವರೂ ಹತ್ತಿರ ಹತ್ತಿರ ಅಷ್ಟು ಕೊಡುತ್ತಿದ್ದರು. ನಾನು ಮತ್ತೆ ಎಂಟು ಹಿಡಿದೆ, ಅತ್ತೆಯ ಬೆರಳಿಗೆ ನೋವಾಗುವಷ್ಟು ಬಿಗಿಯಾಗಿ. ಅತ್ತೆ ಆ ಕಡೆ ತಿರುಗಿದರು, ಈ ಕಡೆ ತಿರುಗಿದರು. ಮಾವ ಸೂರು ನೋಡುತ್ತಿದ್ದರು, ನಾನು ನೆಲ ನೋಡುತ್ತಿದ್ದೆ. ಬೀದಿಯಲ್ಲಿ ಮಂಡಕ್ಕಿ ಮಾರುವವನು ಕೂಗಿಕೊಂಡು ಬಂದು ದಾಟಿಹೋದ. ಕೊನೆಗೆ ಅತ್ತೆ ನನ್ನ ಕೈಯಲ್ಲಿ ಐದು ಹಿಡಿದು, ಬಿಟ್ಟು, ಮೂರು ಹಿಡಿದರು. ಎರಡೂ ಕೈ ಹೊರಗೆ ತೆಗೆದು "ಆತು, ಮುಗೀತು. ದಲಾಲಿ ಯಾರು ಕೊಡ್ತೀರಿ ನಂಗೆ?" ಎಂದರು. ಮಾವ ಬಿದ್ದು ಬಿದ್ದು ನಕ್ಕರು.

ಮರುದಿನ ಅಂಚೆಮನೆ ಬಾಗಿಲು ತೆಗೆಯುವಷ್ಟರಲ್ಲಿ ನಾನೂ ಅತ್ತೆಯೂ ಅಲ್ಲಿದ್ದೆವು. ಸಂಜೆ ಆನಗೋಡಿನವರು ದುಡ್ಡು ಸೊಂಟಕ್ಕೆ ಕಟ್ಟಿಕೊಂಡು ಹೊರಟರು. ಮಾವ ರಾತ್ರಿ ಎರಡು ಸಲ ಎಣಗಾಯಿ ಹಾಕಿಸಿಕೊಂಡರು.

ಅಲ್ಲಿಂದ ಮುಂದೆ ಪ್ರತಿ ಅಮಾವಾಸ್ಯೆ, ಅಂಗಡಿಯ ಪೂಜೆ ಮುಗಿದ ಮೇಲೆ, ಮಾವ ಅತ್ತೆಯ ಕೈಗೆ ಬಡ್ಡಿ ಕೊಡುವುದು, ಅತ್ತೆ ಒಳಗೆ ಬಂದು ನನ್ನ ಕೈಗೆ ಹತ್ತು ರೂಪಾಯಿ ಇಡುವುದು. ಒಂದು ಅಮಾವಾಸ್ಯೆಯೂ ತಪ್ಪಲಿಲ್ಲ. ನನಗೆ ಕೋಡು ಮೂಡಿತು. ದೇಶವೇ ಏದುಸಿರು ಬಿಡುತ್ತಿದ್ದಾಗ ನಾನೊಬ್ಬಳು ಬಡ್ಡಿ ಎಣಿಸುತ್ತಿದ್ದೆ. ಯುದ್ಧ ಬಂತು, ಮಳೆ ಕೈಕೊಟ್ಟಿತು, ಸಕ್ಕರೆ ಸೀಮೆಎಣ್ಣೆಗೆ ಸರದಿ ನಿಲ್ಲುವುದಾಯಿತು. ಅಮೆರಿಕದ ಕೆಂಪು ಜೋಳ ಬಂತು. ಅದರ ರೊಟ್ಟಿ ತಟ್ಟಿದರೆ ನಿಲ್ಲುತ್ತಿರಲಿಲ್ಲ, ನಿಂತರೆ ನುಂಗಲಾಗುತ್ತಿರಲಿಲ್ಲ. ಸೋಮವಾರ ಒಪ್ಪೊತ್ತು ಮಾಡಿ ಎಂದು ದಿಲ್ಲಿಯಿಂದ ಹೇಳಿದರು. ನಮ್ಮ ಅತ್ತೆ ಹುಟ್ಟಿದಾಗಿನಿಂದ ಸೋಮವಾರ ಒಪ್ಪೊತ್ತಿನವರು. "ಈಗ ತಿಳೀತೇನು ಅವರಿಗೆ?" ಎಂದರು. ಇದೇ ಹೊತ್ತಿನಲ್ಲಿ ಮನೆಯಲ್ಲಿ ಬೆಣ್ಣೆಯೂ ಕಡಿಮೆಯಾಯಿತು. ರೊಟ್ಟಿಯ ಮೇಲೆ ನಿಂಬೆಹಣ್ಣಿನ ಗಾತ್ರ ಬೀಳುತ್ತಿದ್ದದ್ದು ಕಡಲೆಕಾಳಿನ ಗಾತ್ರಕ್ಕೆ ಇಳಿಯಿತು. ಹಿತ್ತಲಲ್ಲಿದ್ದ ಅತ್ತೆಯ ಎಮ್ಮೆಗೆ ಏನಾಗಿದೆ ಎಂದು ನಾನು ಸಿಡುಕಿದೆ. "ಹಿಂಡಿ ತುಟ್ಟಿ ಆಗೈತೆ, ಅದಕ್ಕೂ ತಿಳಿದೈತೆ" ಎಂದರು ಅತ್ತೆ. ನಿಜವೇ ಇರಬೇಕೆಂದುಕೊಂಡೆ. ಎಲ್ಲದರ ಬೆಲೆಯೂ ಏರುತ್ತಿತ್ತಲ್ಲ.

ಮರುವರ್ಷ ಮುಂಗಾರಿನ ಹೊತ್ತಿಗೆ ರೂಪಾಯಿಯ ಬೆಲೆಯನ್ನೇ ಇಳಿಸಿದರು. ಮಾವ ಪತ್ರಿಕೆ ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಅತ್ತೆಯನ್ನು ಕರೆದು, ಯಾವತ್ತೂ ಇಲ್ಲದೆ ಅವತ್ತು ಬಾಯಿಬಿಟ್ಟೇ ಹೇಳಿದರು:

"ಆ ಹುಡುಗಿ ಪಾಪ, ನಾಲ್ಕಾಣೆಗೆ ಕೊಟ್ಟೈತೆ. ಬ್ಯಾಂಕಿನೋರು ಏರಿಸಿದ್ರು, ಪೇಟ್ಯಾಗೆ ಎಲ್ಲಾರೂ ಏರಿಸಿದ್ರು. ಈಗ ನಾಲ್ಕಾಣೆಗೆ ಏನು ಬರ್ತೈತೆ? ಎಂಟಾಣೆ ಮಾಡಾಣ."

ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಾಗಿಲಿಗೆ ಬಂದೆ. "ನಾಲ್ಕಾಣೆ ಎಲ್ಲಿ ಮಾವ? ನಂಗೆ ಮೊದಲಿಂದ ಎಂಟಾಣೆನೇ ಬರ್ತಾ ಐತಲ್ಲ."

ಮಾವ ನನ್ನನ್ನು ನೋಡಿದರು, ಆಮೇಲೆ ಹೆಂಡತಿಯನ್ನು ನೋಡಿದರು. ಅತ್ತೆ ಮೊರದಲ್ಲಿದ್ದ ಜೋಳದಲ್ಲಿ ಇಲ್ಲದ ಕಲ್ಲು ಹುಡುಕುತ್ತಿದ್ದರು.

"ನಾನು ಕೊಡೋದು ಐದು ರೂಪಾಯಿ" ಎಂದರು ಮಾವ ಮೆಲ್ಲಗೆ. "ಮಿಕ್ಕಿದ್ದು?"

ಮಿಕ್ಕ ಐದು ಎಲ್ಲಿಂದ ಬರುತ್ತಿತ್ತೆಂದು ಆಗ ಹೊರಬಿತ್ತು. ಅತ್ತೆಯ ಎಮ್ಮೆಗೆ ಏನೂ ಆಗಿರಲಿಲ್ಲ. ಬೆಣ್ಣೆ ಹಿತ್ತಲ ಬಾಗಿಲಿನಿಂದ ದೋಸೆ ಹೋಟೆಲಿಗೆ ಹೋಗುತ್ತಿತ್ತು. ಅಂದರೆ ನನ್ನ ರೊಟ್ಟಿಯ ಮೇಲಿನ ಬೆಣ್ಣೆಯನ್ನೇ ಮಾರಿ ನನಗೇ ಬಡ್ಡಿ ಕೊಟ್ಟಿದ್ದರು! ನನಗೆ ನಗು ಬರಬೇಕೋ ಸಿಟ್ಟು ಬರಬೇಕೋ ತಿಳಿಯದೆ ಸಿಟ್ಟೇ ಬಂತು. "ಇದೆಂಥ ದಲಾಲಿ ಅತ್ತೆ? ಇಬ್ಬರಿಗೂ ಸುಳ್ಳು ಹೇಳಿದ್ರಲ್ಲ!"

"ಮತ್ತೇನು ಮಾಡ್ಬೇಕಾಗಿತ್ತು?" ಅತ್ತೆಯೂ ಜೋರಾದರು. "ಇವರು ನಾಲ್ಕರ ಮ್ಯಾಲೆ ಏರವಲ್ಲರು, ಸೊಸೆ ಹತ್ರ ಪೇಟೆ ಬಡ್ಡಿಗೆ ತಗಂಡ್ರೆ ಮರ್ಯಾದಿ ಹೋಗ್ತೈತಂತೆ. ನೀನು ಎಂಟರ ಕೆಳಗೆ ಇಳಿಯವಲ್ಲಿ. ಬೆಳಗಾದ್ರೆ ಗಾಡಿ ಬರ್ತಾವೆ. ಇಬ್ಬರೂ ಕೈ ಬಿಗಿ ಹಿಡ್ಕಂಡು ಕುಂತ್ರೆ ನಡುವಿನೋರು ಯಾರಾದ್ರೂ ಸಡಿಲ ಬಿಡ್ಬೇಕಲ್ಲ."

ನಲವತ್ತು ವರ್ಷ ಪೇಟೆಯಲ್ಲಿ ಟವೆಲ್ ಹಾಕಿದವನು ಮನೆಯ ಹೊಸಿಲಲ್ಲಿ ಮೋಸ ಹೋದೆನಲ್ಲ ಎಂದು ಮಾವ ಕೆಮ್ಮು ಬರುವವರೆಗೆ ನಕ್ಕರು. ಅವರಿಗೆ ಒಳಗೊಳಗೇ ಹೆಮ್ಮೆ. ಆ ತಿಂಗಳಿನಿಂದ ಎಂಟಾಣೆಯನ್ನು ಅವರೇ ಕೊಟ್ಟರು, ಬೆಣ್ಣೆ ರೊಟ್ಟಿಗೆ ಮರಳಿತು. ಮುಂದಿನ ಸುಗ್ಗಿ ಮುಗಿದ ಮೇಲೆ ಅಸಲನ್ನೂ ತಂದುಕೊಟ್ಟರು.

ನಾನು ಜಾಣೆಯಂತೆ ಬಡ್ಡಿ ಕೂಡಿಸಿದ್ದೆನಲ್ಲ, ಅಷ್ಟರಲ್ಲಿ ಹರಿಹರದ ಜಾಗದ ಬೆಲೆ ನನಗಿಂತ ಜಾಣತನದಿಂದ ಏರಿತ್ತು. ಸಿಮೆಂಟು, ಹೆಂಚು, ಗಾರೆಯವರ ಕೂಲಿ, ಯಾವುದೂ ಎಂಟಾಣೆಗೆ ಕಾದು ನಿಂತಿರಲಿಲ್ಲ. ಹೊಳೆಯ ಗಾಳಿ ದಕ್ಕಲಿಲ್ಲ. ಊರಾಚೆ ಗುತ್ತೂರಿನ ಕಡೆಗೆ ಸರಿದು, ಅಂದುಕೊಂಡದ್ದರ ಅರ್ಧದಷ್ಟು ಜಾಗ ಕೊಂಡು, ಎರಡು ಕೋಣೆಯ ಬದಲು ಒಂದೂವರೆ ಕೋಣೆ ಎಬ್ಬಿಸಿದೆವು. ಆದರೂ ಅದು ನನ್ನ ಮನೆ. ಒಳ್ಳೆಯ ದಿನ ನೋಡಿ ಹೊರಟೆವು. ಒಂಬತ್ತು ಮೈಲಿಯ ದಾರಿ, ಅದಕ್ಕೆ ಅತ್ತೆ ಕಾಶಿಗೆ ಹೊರಟವರಿಗೆ ಕಟ್ಟುವಂತೆ ಬುತ್ತಿ ಕಟ್ಟಿದರು: ಎಳ್ಳು ಹಚ್ಚಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಗಡಿಗೆ ಉಪ್ಪಿನಕಾಯಿ.

ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ರೊಟ್ಟಿಗಳನ್ನು ಬಿಳಿಬಟ್ಟೆಯಲ್ಲಿ ಸುತ್ತುವುದನ್ನು ನೋಡುತ್ತ ಇದ್ದಾಗ, ಅಷ್ಟು ದಿನ ನನ್ನ ದಪ್ಪ ತಲೆಗೆ ಹೊಳೆಯದ ಒಂದು ವಿಷಯ ಹೊಳೆಯಿತು. ಆ ದುಡ್ಡು ಬೆಳೆದಷ್ಟೂ ನಾನು ಹೊರಡುವ ದಿನ ಹತ್ತಿರವಾಗುತ್ತಿತ್ತು. ಅತ್ತೆ ತಿಂಗಳು ತಿಂಗಳೂ ಬೆಣ್ಣೆ ಮಾರಿ, ನಾನು ಅವರನ್ನು ಬಿಟ್ಟು ಹೋಗುವುದಕ್ಕೆ ದುಡ್ಡು ಕೂಡಿಸಿಕೊಟ್ಟಿದ್ದರು.

"ಅತ್ತೆ, ಆ ದುಡ್ಡು ಯಾತಕ್ಕೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿರದೆ ಏನು? ದಿನಾ ಕೂಗಿ ಹೇಳ್ತಿದ್ದಿ. ಬೀದಿಗೆಲ್ಲಾ ಗೊತ್ತಿತ್ತು."

"ಮತ್ತೆ ಯಾಕ ಕೊಟ್ರಿ? ನಾಲ್ಕಾಣೆ ಅಂತ ಹಟ ಹಿಡಿದಿದ್ರೆ ಸಿಟ್ಟಿನಾಗೆ ಆದ್ರೂ ಕೊಡ್ತಿದ್ದೆ. ದುಡ್ಡು ಕೂಡದೆ ನಾನು ಇಲ್ಲೇ ಇರ್ತಿದ್ದೆ."

ಅತ್ತೆ ಗಂಟು ಬಿಗಿದರು. ಬಿಗಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಕಟ್ಟಿದರು.

"ನಿನ್ನ ವಯಸ್ಸಿನಾಗೆ ನನಗೂ ಬೇರೆ ಒಂದು ಒಲೆ ಬೇಕಾಗಿತ್ತವ್ವಾ" ಎಂದರು. "ಸಣ್ಣದು, ನನ್ನದೇ ಅಂತ. ನನ್ನ ಹತ್ರ ಬಡ್ಡಿಗೆ ಕೊಡಾಕೆ ದುಡ್ಡು ಇರ್ಲಿಲ್ಲ, ಬೇಕು ಅಂತ ಕೇಳಾಕೆ ನಿನ್ನಂಗೆ ಬಾಯೂ ಇರ್ಲಿಲ್ಲ. ಅವತ್ತು ನೀನು ಬಡ್ಡಿ ಬೇಕು ಅಂದಿಯಲ್ಲ, ನನಗೆ ಎಷ್ಟು ಖುಷಿ ಆತು ಗೊತ್ತೇನು?"

ಹಿಟ್ಟಿನ ಕೈಯವರನ್ನು ಹಾಗೆಯೇ ತಬ್ಬಿಕೊಂಡೆ. ಅವರು ಕಣ್ಣು ಒರೆಸಿಕೊಂಡು, ಬುತ್ತಿಯ ಗಂಟನ್ನು ನನ್ನ ಕಂಕುಳಿಗೆ ತುರುಕಿದರು. "ನಡಿ, ಬಸ್ಸು ಹೋಗ್ತೈತೆ" ಎಂದರು.